ಡ್ಯಾನ್ವರ್ಸ್‌ನಲ್ಲಿ ರೆಬೆಕಾ ನರ್ಸ್ ಮನೆ

ಅಮೆರಿಕದ ಸೇಲಂ ನನಗೆ ಹಿಡಿಸಲಿಲ್ಲ. 1692ರಲ್ಲಿ ಮಾಟದ ಆರೋಪ ಹೊರಿಸಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದ, ಜೈಲ್ಸ್ ಕೋರಿ ಎಂಬ ವೃದ್ಧನ ಮೈಮೇಲೆ ಕಲ್ಲು ಹೇರಿ ಕೊಂದ ಊರು ಈಗ ಅದರಿಂದಲೇ ಹೊಟ್ಟೆ ಹೊರೆಯುತ್ತಿದೆ. ಅಂಗಡಿ ಅಂಗಡಿಯಲ್ಲೂ ಚೂಪು ಟೋಪಿ, ಪ್ಲಾಸ್ಟಿಕ್ ಪೊರಕೆ. ಪೊಲೀಸರ ಲಾಂಛನದಲ್ಲೂ ಪೊರಕೆ ಏರಿದ ಮಾಟಗಾತಿ! ಸತ್ತ ಇಪ್ಪತ್ತು ಮಂದಿಯ ಹೆಸರು ಕೊರೆದ ಕಲ್ಲಿನ ಆಸನಗಳು ಹಳೆಯ ಸ್ಮಶಾನದ ಪಕ್ಕದಲ್ಲಿವೆ. ಅವುಗಳ ಮೇಲೆ ಕುಳಿತು ಐಸ್‌ಕ್ರೀಂ ತಿನ್ನುವವರನ್ನು ನೋಡಿದ ಮೇಲೆ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ.

ಅಸಲಿಗೆ ಈ ಕೋಲಾಹಲ ಶುರುವಾದದ್ದು ಪಕ್ಕದ ಸೇಲಂ ಹಳ್ಳಿಯಲ್ಲಿ. ಆ ಹಳ್ಳಿಯೇ ಇಂದಿನ ಡ್ಯಾನ್ವರ್ಸ್. ಮಾಟದ ಆರೋಪಕ್ಕೆ ಗುರಿಯಾದ ರೆಬೆಕಾ ನರ್ಸ್‌ಳ ಮನೆ ಇರುವುದು ಅಲ್ಲೇ. ಬಾಸ್ಟನ್ನಿನಿಂದ ಸೇಲಂಗೆ ಅರ್ಧ ಗಂಟೆಯಲ್ಲಿ ರೈಲು ತಲುಪಿಸುತ್ತದೆ, ಡ್ಯಾನ್ವರ್ಸ್‌ಗೆ ರೈಲಿಲ್ಲ. ಮೊಬೈಲ್‌ನಲ್ಲಿ ಕರೆದ ಟ್ಯಾಕ್ಸಿಯವನು ಇಪ್ಪತ್ತು ನಿಮಿಷ ಕಾಯಿಸಿ, ಬರುವುದಿಲ್ಲ ಎಂದು ರದ್ದು ಮಾಡಿದ. ರದ್ದತಿಯ ಶುಲ್ಕವನ್ನು ನನ್ನಿಂದಲೇ ಕಿತ್ತರು. ಹೋಗುವವರು ಮರಳುವ ವಾಹನವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ರೆಬೆಕಾ ನರ್ಸ್ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದ ಕಾಲದಲ್ಲೂ ಎಲ್ಲ ದಿನ ತೆರೆದಿರುವುದಿಲ್ಲ.

ಕಪ್ಪುಗಂದಿದ ಹಲಗೆಗಳ ಮನೆ. ಒಳಗೆ ತಲೆಗೆ ತಾಗುವಂಥ ತೊಲೆಗಳು, ಒಬ್ಬರು ಒಳಹೊಕ್ಕು ನಿಲ್ಲಬಹುದಾದಷ್ಟು ದೊಡ್ಡ ಒಲೆ. ರೆಬೆಕಾಳ ಗಂಡ ಫ್ರಾನ್ಸಿಸ್ ನರ್ಸ್ ಮರದ ತಟ್ಟೆ ಕಡೆಯುವ ಕಸುಬಿನವನು. 1678ರಲ್ಲಿ ಕಂತಿನ ಕರಾರಿನ ಮೇಲೆ 300 ಎಕರೆ ಹಿಡಿದು, ಮಕ್ಕಳು ಅಳಿಯಂದಿರನ್ನು ಸುತ್ತ ನೆಲೆಗೊಳಿಸಿದ. ಕೆಳಗಿನಿಂದ ಮೇಲೆ ಬಂದವರ ಮೇಲೆ ಯಾವ ಹಳ್ಳಿಗೆ ತಾನೇ ಕಣ್ಣಿರುವುದಿಲ್ಲ? ಗಡಿ ತಂಟೆಗಳಿದ್ದವು. ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಸಂಬಳಕ್ಕೂ ಸೌದೆಗೂ ಹಳ್ಳಿಯೇ ಇಬ್ಭಾಗವಾಗಿತ್ತು. ಉತ್ತರದ ಮೇನ್ ಪ್ರದೇಶದಲ್ಲಿ ವಬನಾಕಿ ಮೂಲನಿವಾಸಿಗಳಿಗೂ ಇಂಗ್ಲಿಷರಿಗೂ ಯುದ್ಧ ನಡೆದು, ಅಲ್ಲಿಂದ ಓಡಿಬಂದ ನಿರಾಶ್ರಿತರು ಈ ಊರುಗಳನ್ನು ಸೇರಿದ್ದರು. ಮಾಟದಿಂದ ನರಳುತ್ತಿದ್ದೇವೆ ಎಂದು ದೂರು ಕೊಟ್ಟ ಹುಡುಗಿಯರಲ್ಲಿ ಒಬ್ಬಳಾದ ಮರ್ಸಿ ಲೂಯಿಸ್ ಹಾಗೆ ತಂದೆತಾಯಿಯನ್ನು ಕಳೆದುಕೊಂಡು ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದವಳು.

ಅಲ್ಲಿ ಮಾಹಿತಿ ಹೇಳುವ ಸ್ವಯಂಸೇವಕರು ನನಗಿಂತ ಹಿರಿಯರು, ಹಳೆಯ ಕಾಲದ ಉಣ್ಣೆಯ ಕೋಟು ತೊಟ್ಟಿದ್ದರು. ಗುಂಪು ಮುಂದೆ ಹೋದರೂ ನಾನು ಒಲೆಯ ಬಳಿಯೇ ಅವರನ್ನು ಹಿಡಿದು ನಿಲ್ಲಿಸಿದೆ.

“ಆಕೆಗೆ ಎಪ್ಪತ್ತೊಂದು ವರ್ಷ. ಮೈ ಸರಿಯಿಲ್ಲದೆ ಹಾಸಿಗೆ ಹಿಡಿದಿದ್ದಳು,” ಎಂದರು. “ನಿನ್ನ ಹೆಸರು ಬಂದಿದೆ ಎಂದು ತಿಳಿಸಲು ನೆರೆಯವರು ಬಂದರೆ, ಆಕೆ ಮೊದಲು ವಿಚಾರಿಸಿದ್ದು ಪಾದ್ರಿಯ ಮನೆಯ ನರಳುವ ಮಕ್ಕಳನ್ನು.”

“ಜ್ಯೂರಿ ಆಕೆಯನ್ನು ಬಿಟ್ಟಿತ್ತಲ್ಲವೇ?” ಎಂದು ಕೇಳಿದೆ.

“ಬಿಟ್ಟಿತ್ತು. ನಿರಪರಾಧಿ ಎಂದಿತು. ಹುಡುಗಿಯರು ಚೀರಿದರು. ಮುಖ್ಯ ನ್ಯಾಯಾಧೀಶ ಸ್ಟೌಟನ್, ಆಕೆ ಆಡಿದ ಒಂದು ಮಾತನ್ನು ಗಮನಿಸಿದಿರಾ ಎಂದು ಜ್ಯೂರಿಯನ್ನು ಕೆಣಕಿದ. ತಾನು ಮಾಟಗಾತಿ ಎಂದು ತಪ್ಪೊಪ್ಪಿಕೊಂಡಿದ್ದ ಇನ್ನೊಬ್ಬ ಕೈದಿಯನ್ನು ಸಾಕ್ಷಿಯಾಗಿ ತಂದಾಗ ರೆಬೆಕಾ, ಇವಳು ನಮ್ಮವಳಲ್ಲವೇ ಎಂದಿದ್ದಳು. ಹಾಗೆಂದರೇನು ಎಂದು ಜ್ಯೂರಿ ಕೇಳಿತು. ಆಕೆ ಸುಮ್ಮನಿದ್ದಳು. ಕಿವಿ ಮಂದ. ಕೇಳಿಸಲೇ ಇಲ್ಲ.”

ತೀರ್ಪು ತಿರುಗಿತು. ನಮ್ಮ ಜೊತೆ ಸೆರೆಯಲ್ಲಿದ್ದವಳು ಎನ್ನುವಷ್ಟೇ ನನ್ನ ಅರ್ಥ, ನನಗೆ ಕಿವಿ ಕೇಳಿಸುವುದಿಲ್ಲ, ದುಃಖದಲ್ಲಿ ಮುಳುಗಿದ್ದೆ ಎಂದು ಆಕೆ ಆಮೇಲೆ ಲಿಖಿತ ಹೇಳಿಕೆ ಕೊಟ್ಟಳು. ಗವರ್ನರ್ ಫಿಪ್ಸ್ ಕೊಟ್ಟ ಕ್ಷಮೆಯೂ ರದ್ದಾಯಿತು. ಚರ್ಚು ಬಹಿಷ್ಕಾರ ಹಾಕಿತು. ಜುಲೈ 19ರಂದು ನೇಣು. ನನ್ನ ಸೋದರತ್ತೆಗೂ ಕಿವಿ ಕೇಳಿಸುವುದಿಲ್ಲ. ಏನು ಕೇಳಿದರೂ ಮುಗುಳ್ನಗುತ್ತಾರೆ. ಆ ಕಟಕಟೆಯಲ್ಲಿ ಅವರ ಗತಿ ಏನಾಗುತ್ತಿತ್ತು?

ಹೊಲದಾಚೆ ಕುಟುಂಬದ ಸ್ಮಶಾನವಿದೆ. ಮಕ್ಕಳು ರಾತ್ರೋರಾತ್ರಿ ಶವವನ್ನು ದೋಣಿಯಲ್ಲಿ ತಂದು ಇಲ್ಲೆಲ್ಲೋ ಹೂತರೆಂದು ವಂಶದವರ ನಂಬಿಕೆ. 1885ರ ಎತ್ತರದ ಸ್ಮಾರಕಕ್ಕಿಂತ 1892ರ ಇನ್ನೊಂದು ಕಲ್ಲು ನನಗೆ ಹಿರಿದಾಗಿ ಕಂಡಿತು. ಈಕೆ ಒಳ್ಳೆಯವಳು ಎಂದು ಮನವಿಗೆ ರುಜು ಹಾಕಿದ ನಲವತ್ತರಷ್ಟು ನೆರೆಹೊರೆಯವರ ಹೆಸರುಗಳು ಅದರಲ್ಲಿವೆ. ಆರೋಪವನ್ನು ಟೀಕಿಸಿದ ಜಾನ್ ಪ್ರಾಕ್ಟರ್‌ನಂಥವರೇ ಗಲ್ಲಿಗೇರಿದ ವರ್ಷದಲ್ಲಿ ರುಜು ಹಾಕುವುದೆಂದರೆ ತಲೆ ಒಡ್ಡುವುದು. ಸಹಿ ಮಾಡಿದ ಡೇನಿಯಲ್ ಆಂಡ್ರ್ಯೂನ ಮೇಲೂ ವಾರಂಟ್ ಹೊರಟು, ಅವನು ತಪ್ಪಿಸಿಕೊಂಡ. ಜೊನಾಥನ್ ಪಟ್ನಮ್‌ನ ಹೆಸರೂ ಅಲ್ಲಿದೆ! ರೆಬೆಕಾಳ ಬಂಧನಕ್ಕೆ ದೂರು ಕೊಟ್ಟವರಲ್ಲಿ ಅವನೂ ಒಬ್ಬ. ಅವನ ಮನಸ್ಸು ಹೇಗೆ ತಿರುಗಿತೋ.

ಅಲ್ಲಿಯೇ ಟಿವಿ ಚಿತ್ರೀಕರಣಕ್ಕೆಂದು ಕಟ್ಟಿದ, ಆ ಕಾಲದ ಪ್ರಾರ್ಥನಾ ಮಂದಿರದ ಪ್ರತಿಕೃತಿ ಇದೆ. ಬೆನ್ನು ನೋಯಿಸುವ ಬೆಂಚುಗಳು; ಅದರಲ್ಲಿ ಕುಳಿತು ಗಂಟೆಗಟ್ಟಲೆ ಉಪದೇಶ ಕೇಳುತ್ತಿದ್ದರಂತೆ. ಹುಡುಗಿಯರಲ್ಲಿ ಒಬ್ಬಳಾದ ಆನ್ ಪಟ್ನಮ್, 1706ರಲ್ಲಿ ಹಳ್ಳಿಯ ಚರ್ಚಿನಲ್ಲಿ ಎದ್ದು ನಿಂತಿದ್ದಾಗ ಆಕೆಯ ಕ್ಷಮಾಪಣೆಯನ್ನು ಹೊಸ ಪಾದ್ರಿ ಜೋಸೆಫ್ ಗ್ರೀನ್ ಓದಿದರು.

“ನರ್ಸ್ ಮನೆಯವರು ಇದನ್ನೆಲ್ಲ ಕಂಡೂ ಇದೇ ಊರಿನಲ್ಲಿ ಉಳಿದರೇ?” ಎಂದೆ.

“ಆಕೆಯ ತಂಗಿ ಸಾರಾ ಬದುಕುಳಿದು ಗಂಡನ ಜೊತೆ ಫ್ರೇಮಿಂಗ್‌ಹ್ಯಾಮ್‌ಗೆ ಹೋದಳು,” ಎಂದರು ಆ ಹಿರಿಯರು. “ಮಗ ಸ್ಯಾಮ್ಯುಯೆಲ್ ಎಲ್ಲಿಗೆ ಹೋಗುತ್ತಾನೆ? ಹೊಲ ಇಲ್ಲೇ ಇತ್ತಲ್ಲ.”