ಓದಿಲ್ಲದ ಕಾಲೇಜಿಗೆ ಯಾಕಪ್ಪಾ ಇಷ್ಟು ಹುಚ್ಚು?

ನನ್ನ ಪರಿಚಯವಾದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಕೇಳುತ್ತಾರೆ. ಊರಿನ ಗೆಳೆಯರು ವಿಡಿಯೋ ಕಾಲ್‌ನಲ್ಲಿ ನನ್ನ ಕೆಂಪು ಟೀ ಶರ್ಟ್ ನೋಡಿ ಕೇಳುತ್ತಾರೆ. "ಅಲ್ಲ ಮಾರಾಯ, ನೀನು ಓದಿದ್ದು ಹಾಸನದಲ್ಲಿ. ಆ ಎನ್‌ಸಿ ಸ್ಟೇಟ್‌ನಲ್ಲಿ ಒಂದು ಕ್ಲಾಸಿಗೂ ಕೂತಿಲ್ಲ. ಅದರ ಬಾಸ್ಕೆಟ್‌ಬಾಲ್ ತಂಡಕ್ಕೆ ಯಾಕೆ ಈ ಪರಿ ಹುಚ್ಚು?" ಸ್ವಲ್ಪ ಆಟ ಗೊತ್ತಿರುವವರು ಇನ್ನೊಂದು ಮಾತು ಸೇರಿಸುತ್ತಾರೆ. "ಪಕ್ಕದಲ್ಲೇ ಡ್ಯೂಕ್ ಇದೆ, ಕೆರೊಲೈನಾ ಇದೆ. ಹೋಗಿ ಹೋಗಿ ಇದನ್ನ ಹಿಡ್ಕೊಂಡ್ಯಾ?"

ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಈಗ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಊರಿನ ವಿಷಯ. ರಾಲಿ ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ರಾಜಧಾನಿ. ಎನ್‌ಸಿ ಸ್ಟೇಟ್, ಅಂದರೆ ನಾರ್ತ್ ಕೆರೊಲೈನಾ ಸ್ಟೇಟ್ ಯೂನಿವರ್ಸಿಟಿ, ಇರುವುದು ಇಲ್ಲಿ. ಡ್ಯೂಕ್ ಇರುವುದು ಡರಮ್‌ನಲ್ಲಿ, ಕೆರೊಲೈನಾ ಅಂತ ಕರೆಯುವ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲೈನಾ ಇರುವುದು ಚಾಪೆಲ್ ಹಿಲ್‌ನಲ್ಲಿ. ಟ್ರಾಫಿಕ್ ಇಲ್ಲದಿದ್ದರೆ ಯಾವ ಕಡೆಗೆ ಹೋದರೂ ಕಾರಿನಲ್ಲಿ ಅರ್ಧ ಗಂಟೆ. ನಮ್ಮಂಥವರು ಕೆಲಸಕ್ಕೆ ಹೋಗುವ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಈ ಮೂರರ ಮಧ್ಯೆ ಬರುತ್ತದೆ. ಕ್ಯಾರಿ, ಮಾರಿಸ್‌ವಿಲ್ ಕಡೆ ನಮ್ಮವರು ಎಷ್ಟಿದ್ದಾರೆ ಅಂದರೆ, ಅಂಗಡಿಯಲ್ಲಿ ತೊಗರಿಬೇಳೆ ಆರಿಸುವಾಗ ಕನ್ನಡದಲ್ಲಿ ಗುಟ್ಟು ಮಾತಾಡುವ ಹಾಗಿಲ್ಲ.

ಈ ಮೂರು ಊರುಗಳಲ್ಲಿ ಎನ್‌ಬಿಎ, ಅಂದರೆ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ ತಂಡ ಇಲ್ಲ. ಅದನ್ನು ನೋಡಬೇಕಾದರೆ ಶಾರ್ಲಟ್‌ಗೆ ಎರಡೂವರೆ ಗಂಟೆ ಗಾಡಿ ಓಡಿಸಬೇಕು. ಹಾಗಾಗಿ ಇಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಕಾಲೇಜು ಬಾಸ್ಕೆಟ್‌ಬಾಲ್. ಹದಿನೆಂಟು, ಇಪ್ಪತ್ತರ ಹುಡುಗರು ಆಡುವ ಆಟಕ್ಕೆ ಹತ್ತೊಂಬತ್ತು ಸಾವಿರ ಜನ ಹಿಡಿಸುವ ಅಂಗಳ. ಮಾರ್ಚ್ ತಿಂಗಳಲ್ಲಿ, ಈ ಮೂರೂ ಕಾಲೇಜು ಆಡುವ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಲೀಗಿನ ಟೂರ್ನಿ ಬಂತು ಅಂದರೆ ಮೇಷ್ಟ್ರುಗಳು ಕ್ಲಾಸಿಗೇ ಟಿವಿ ತಳ್ಳಿಕೊಂಡು ಬಂದು ಮ್ಯಾಚ್ ಹಾಕುತ್ತಿದ್ದರು ಎಂದು ಇಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ.

ಈ ಹುಚ್ಚು ಹತ್ತಿಸಿದವರಲ್ಲಿ ದೊಡ್ಡವರು ಎನ್‌ಸಿ ಸ್ಟೇಟ್‌ನ ಕೋಚ್ ಎವರೆಟ್ ಕೇಸ್. ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ ಬಿಡುವ ಇಂಡಿಯಾನಾ ರಾಜ್ಯದಿಂದ 1946ರಲ್ಲಿ ರಾಲಿಗೆ ಬಂದರು. ಕಪ್ ಗೆದ್ದ ಮೇಲೆ ಏಣಿ ಹತ್ತಿ ರಿಂಗಿನ ಬಲೆಯನ್ನು ಕತ್ತರಿಯಿಂದ ಕತ್ತರಿಸಿ ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದನ್ನು ಕಾಲೇಜು ಆಟಕ್ಕೆ ತಂದವರು ಅವರೇ ಅನ್ನುತ್ತಾರೆ. ಡ್ಯೂಕ್‌ನವರು ಬಲೆ ಕತ್ತರಿಸುವಾಗ ನಮ್ಮ ಕಡೆಯವರು ಈ ಮಾತನ್ನು ತಪ್ಪದೆ ನೆನಪಿಸುತ್ತಾರೆ. ನಾವೇ ಕತ್ತರಿಸುವ ಅವಕಾಶ ಕಮ್ಮಿ ನೋಡಿ.

ಲೆಕ್ಕ ಹೇಳಿಬಿಡುತ್ತೇನೆ. ಪುರುಷರ ರಾಷ್ಟ್ರ ಪ್ರಶಸ್ತಿ ಕೆರೊಲೈನಾಗೆ 6, ಡ್ಯೂಕ್‌ಗೆ 5, ನಮಗೆ 2. ನಮ್ಮದರಲ್ಲಿ ಕೊನೆಯದು 1983ರದ್ದು. ಹಾಗಿದ್ದ ಮೇಲೆ ಡ್ಯೂಕ್ ಯಾಕಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ಡ್ಯೂಕ್ ಖಾಸಗಿ. ಕಟ್ಟಡಗಳು ಚೆಂದ, ಓದು ಚೆನ್ನಾಗಿದೆ, ತಂಡವಂತೂ ಗೆಲ್ಲುತ್ತಲೇ ಇರುತ್ತದೆ. ಆದರೆ ಅಲ್ಲಿ ಓದುವ ಬಹಳ ಮಕ್ಕಳು ಬೇರೆ ರಾಜ್ಯಗಳಿಂದ ಬಂದು, ಓದು ಮುಗಿಸಿ ಬೇರೆ ಕಡೆ ಹೋಗಿಬಿಡುತ್ತಾರೆ. ಎನ್‌ಸಿ ಸ್ಟೇಟ್ 1887ರಲ್ಲಿ ಬೇಸಾಯ ಮತ್ತು ಯಂತ್ರದ ಕೆಲಸ ಕಲಿಸುವುದಕ್ಕೆ ರಾಜ್ಯ ಸರ್ಕಾರ ತೆರೆದ ಕಾಲೇಜು. ಮನೆಗೆ ಎಸಿ ರಿಪೇರಿಗೆ ಬರುವವನ ಟೋಪಿ ಕೆಂಪು. ಮಗಳ ಹಲ್ಲು ನೋಡುವ ಡಾಕ್ಟರ ಗೋಡೆಯ ಮೇಲೆ ನಮ್ಮ ತಂಡದ ಗುರುತಾದ ತೋಳದ ಚಿತ್ರ. ಅವರಲ್ಲಿ ಅರ್ಧ ಜನ ಅಲ್ಲಿ ಓದಿಲ್ಲ. ಅಣ್ಣ ಓದಿರುತ್ತಾನೆ, ಇಲ್ಲಾ ಅಜ್ಜ ಅಲ್ಲಿಂದ ಬೀಜ ತಂದಿರುತ್ತಾನೆ. ಎದುರಾಳಿಗಳು "ಮೂ ಯೂ" ಎಂದು ದನದ ಹಾಗೆ ಕೂಗಿ ಆಡಿಕೊಳ್ಳುತ್ತಾರೆ. ಹಟ್ಟಿಯಲ್ಲಿ ಹಸು ಕಟ್ಟಿದ್ದ ಮನೆಯಿಂದ ಬಂದವನಿಗೆ ಅದು ಬೈಗುಳ ಅಂತಲೇ ಅನ್ನಿಸಲಿಲ್ಲ. ಕಾಲೇಜಿನ ಡೈರಿಯ ಐಸ್‌ಕ್ರೀಮ್ ಬೇರೆ ಬಲು ರುಚಿ.

ಇನ್ನು ನನಗೆ ಈ ತಂಡ ಅಂಟಿದ್ದು ಹೇಗೆ? ಪಕ್ಕದ ಮನೆಯ ಹಿರಿಯರಿಂದ. ನಾವು ಮನೆ ಬದಲಿಸಿ ಅವರ ಪಕ್ಕಕ್ಕೆ ಬಂದಾಗ ಅವರು ಇಂಡಿಯಾದಲ್ಲಿ ಎಲ್ಲಿ, ಏನು ಕೆಲಸ ಅಂತೆಲ್ಲ ಕೇಳಲಿಲ್ಲ. "ಮೂರರಲ್ಲಿ ಯಾವುದು?" ಅಂದರು. ಇನ್ನೂ ಯಾವುದೂ ಇಲ್ಲ ಅಂದೆ. ಒಳ್ಳೇದಾಯ್ತು, ಈ ಬುಧವಾರ ಸಂಜೆ ಬಾ ಅಂದರು. ಅವರ ಮನೆಯಲ್ಲಿ ಮ್ಯಾಚ್ ನೋಡುವುದಕ್ಕೆ ಒಂದು ಕ್ರಮವಿದೆ. ಟಿವಿಯ ಸದ್ದು ಪೂರ್ತಿ ಬಂದ್. ಪಕ್ಕದಲ್ಲಿ ರೇಡಿಯೋ. ಟಿವಿಯವರು ಎರಡೂ ಕಡೆಯವರಿಗೆ ಒಪ್ಪುವ ಹಾಗೆ ಮಾತಾಡುತ್ತಾರೆ, ರೇಡಿಯೋದಲ್ಲಿ ನಮ್ಮವರೇ ಇದ್ದಾರೆ ಅನ್ನುವುದು ಅವರ ವಾದ. ರೇಡಿಯೋ ಎರಡು ಸೆಕೆಂಡ್ ಮುಂದೆ ಓಡುತ್ತದೆ. ಚೆಂಡು ರಿಂಗಿಗೆ ಬೀಳುವ ಮೊದಲೇ ಬಿತ್ತು ಅಂತ ಕೇಳಿಸುತ್ತದೆ. ಅದು ನನಗೆ ಈಗ ಎಷ್ಟು ಅಭ್ಯಾಸವಾಗಿದೆ ಅಂದರೆ, ಬರೀ ಟಿವಿ ನೋಡಿದರೆ ಏನೋ ತಡವಾದ ಹಾಗೆ ಅನ್ನಿಸುತ್ತದೆ.

ವಿರಾಮದಲ್ಲಿ ಹಳೆಯ ಕಥೆಗಳು. 1974ರಲ್ಲಿ ನಮ್ಮ ತಂಡಕ್ಕೆ ಆಡಿದ ಡೇವಿಡ್ ಥಾಂಪ್ಸನ್ ಕಥೆ. ಆಗ ಕಾಲೇಜು ಆಟದಲ್ಲಿ ಡಂಕ್ ಮಾಡುವ, ಅಂದರೆ ಹಾರಿ ಚೆಂಡನ್ನು ರಿಂಗಿನೊಳಕ್ಕೆ ತುರುಕುವ ಹಾಗಿರಲಿಲ್ಲ. ಥಾಂಪ್ಸನ್ ರಿಂಗಿಗಿಂತ ಮೇಲೆ ಹಾರಿ, ಗಾಳಿಯಲ್ಲೇ ಪಾಸ್ ಹಿಡಿದು, ಮೆಲ್ಲಗೆ ಒಳಗೆ ಬಿಡುತ್ತಿದ್ದ. ಏಳು ವರ್ಷ ಸತತ ಪ್ರಶಸ್ತಿ ಗೆದ್ದಿದ್ದ ಯುಸಿಎಲ್‌ಎ ತಂಡವನ್ನು ಆ ವರ್ಷ ಸೆಮಿಫೈನಲ್‌ನಲ್ಲಿ ಎರಡು ಓವರ್‌ಟೈಮ್ ಆಡಿ ಮಣಿಸಿದರು.

ಆಮೇಲೆ 1983. ಇದನ್ನು ಅವರು ನಿಂತುಕೊಂಡೇ ಹೇಳುತ್ತಾರೆ. ಕೋಚ್ ಜಿಮ್ ವಾಲ್ವಾನೊ. ಆ ಸೀಸನ್‌ನಲ್ಲಿ 10 ಪಂದ್ಯ ಸೋತ ತಂಡ ಅದು. ಫೈನಲ್‌ನಲ್ಲಿ ಎದುರಿಗೆ ಹ್ಯೂಸ್ಟನ್, ಅದರಲ್ಲಿ ಮುಂದೆ ಎನ್‌ಬಿಎಯಲ್ಲಿ ಹೆಸರಾದ ಹಕೀಮ್ ಒಲಾಜುವಾನ್, ಕ್ಲೈಡ್ ಡ್ರೆಕ್ಸ್‌ಲರ್. 52-52 ಸಮ. ಕೊನೆಯ ಕ್ಷಣದಲ್ಲಿ ನಮ್ಮ ಡೆರಿಕ್ ವಿಟನ್‌ಬರ್ಗ್ ತುಂಬಾ ದೂರದಿಂದ ಎಸೆದ. ಚೆಂಡು ರಿಂಗಿನ ತನಕವೂ ಹೋಗಲಿಲ್ಲ. ಅಡಿಯಲ್ಲಿ ನಿಂತಿದ್ದ ಲೊರೆಂಜೊ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ತುರುಕಿದ. 54-52. ವಾಲ್ವಾನೊ ಯಾರನ್ನು ತಬ್ಬಿಕೊಳ್ಳುವುದು ಅಂತ ತಿಳಿಯದೆ ಅಂಗಳದ ತುಂಬಾ ಓಡಾಡಿದರು. ಹತ್ತು ವರ್ಷದ ನಂತರ, 1993ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಹೆಸರಿನ ಫೌಂಡೇಶನ್ ಇವತ್ತಿಗೂ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಿದೆ.

ಈ ಕಥೆಗಳೆಲ್ಲ ಚೆನ್ನಾಗಿವೆ, ಆದರೆ ಬೇರೆಯವರ ನೆನಪು. ಎಷ್ಟು ಕೇಳಿದರೂ ಅತಿಥಿಯೇ. ನನ್ನದು ಅಂತ ಒಂದು ಬೇಕಿತ್ತು. ಅದು ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ.

ಆ ವರ್ಷ ಲೀಗಿನ ಕೊನೆಯ ನಾಲ್ಕು ಪಂದ್ಯ ಸತತ ಸೋತು, 17 ಗೆಲುವು, 14 ಸೋಲು, ಅಂದರೆ 17-14ರ ಲೆಕ್ಕದಲ್ಲಿ ವಾಷಿಂಗ್ಟನ್‌ನ ಎಸಿಸಿ ಟೂರ್ನಿಗೆ ಹೋದರು. ಅಲ್ಲಿ ಕಪ್ ಗೆದ್ದವರಿಗೆ ರಾಷ್ಟ್ರಮಟ್ಟದ 68 ತಂಡಗಳ ಟೂರ್ನಿಗೆ ನೇರ ಪ್ರವೇಶ. ಬೇರೆಯವರು ಆಯ್ಕೆ ಸಮಿತಿಯ ಮರ್ಜಿ ಕಾಯಬೇಕು. 17-14 ನೋಡಿ ಯಾವ ಸಮಿತಿಯೂ ಕರೆಯುವುದಿಲ್ಲ. ಹತ್ತನೇ ಶ್ರೇಯಾಂಕದವರಾದ್ದರಿಂದ ಗೆಲ್ಲಬೇಕಾದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಮಂಗಳವಾರ ಲೂಯಿವಿಲ್, ಬುಧವಾರ ಸಿರಕ್ಯೂಸ್, ಗುರುವಾರ ಡ್ಯೂಕ್. ಮೂರೂ ಗೆದ್ದರು. ಶುಕ್ರವಾರ ರಾತ್ರಿ ವರ್ಜೀನಿಯಾ.

ಆಗ ಅಮ್ಮ ಊರಿನಿಂದ ಬಂದಿದ್ದಳು. ಮೊದಲ ದಿನ "ಏನೋ ಇದು, ಬರೀ ಶಿಳ್ಳೆ ಹೊಡೀತಾನೇ ಇರ್ತಾರೆ" ಅಂದವಳು, ಗುರುವಾರದ ಹೊತ್ತಿಗೆ ಸಂಜೆ ದೀಪ ಹಚ್ಚಿ ಬಂದು ತಾನೇ ಸೋಫಾದ ತುದಿಯಲ್ಲಿ ಕೂತಿದ್ದಳು. ಅವಳಿಗೆ ನಮ್ಮ ತಂಡದ ಡಿ. ಜೆ. ಬರ್ನ್ಸ್ ಅಂದರೆ ಪ್ರೀತಿ. ಆರು ಅಡಿ ಒಂಬತ್ತು ಇಂಚು ಎತ್ತರ, 275 ಪೌಂಡ್ ತೂಕ, ಎಡಗೈ. ಬೆನ್ನು ಕೊಟ್ಟು ಎದುರಾಳಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತಳ್ಳಿ, ಗಿರ್ರನೆ ತಿರುಗಿ, ಮೆತ್ತಗೆ ಎಸೆದು, ಒಂದು ನಗು ನಗುತ್ತಾನೆ. "ಮದುವೆ ಮನೆ ಅಡುಗೆ ಭಟ್ಟರ ಥರ ಇದಾನೆ ನೋಡೋ. ಆ ಮೈ ಹೊತ್ತು ಎಷ್ಟು ಹಗುರವಾಗಿ ಓಡಾಡ್ತಾನೆ!" ಅಂದಳು. ಮೊಹಮದ್ ಡಿಯಾರಾ ರಂಜಾನ್ ಉಪವಾಸ ಹಿಡಿದೇ ಆಡುತ್ತಿದ್ದಾನೆ ಅಂತ ಹೇಳಿದ ಮೇಲೆ, ಅವನ ಕೈಗೆ ಚೆಂಡು ಬಂದಾಗಲೆಲ್ಲ "ಪಾಪ, ನೀರಾದ್ರೂ ಕುಡಿದ್ನೋ ಇಲ್ವೋ" ಅನ್ನುತ್ತಿದ್ದಳು.

ವರ್ಜೀನಿಯಾ ಪಂದ್ಯದಲ್ಲಿ ಐದಾರು ಸೆಕೆಂಡ್ ಉಳಿದಾಗ ನಾವು ಮೂರು ಪಾಯಿಂಟ್ ಹಿಂದೆ. ಅವರಿಗೆ ಫ್ರೀ ಥ್ರೋ. ಇಲ್ಲಿ ಕಾಲೇಜು ಪುರುಷರ ಆಟದ ಒಂದು ನಿಯಮ ಹೇಳಬೇಕು. ಕೆಲವು ಫೌಲ್‌ಗಳಿಗೆ ಮೊದಲ ಎಸೆತ ಒಳಗೆ ಬಿದ್ದರೆ ಮಾತ್ರ ಎರಡನೆಯದು ಸಿಗುತ್ತದೆ. ಬೀಳದಿದ್ದರೆ ಚೆಂಡು ಹಿಡಿದವರದ್ದು. ಹುಡುಗ ಎಸೆದ. ಬೀಳಲಿಲ್ಲ. ಚೆಂಡು ನಮ್ಮ ಮೈಕಲ್ ಓಕಾನಲ್ ಕೈಗೆ ಬಂತು. ಓಡಿದ. ಮೂರು ಪಾಯಿಂಟ್ ಗೆರೆಯ ಹೊರಗಿನಿಂದ, ಬಜರ್ ಕೂಗುವ ಮುಂಚೆ ಎಸೆದ. ಬೋರ್ಡಿಗೆ ಬಡಿದು ಒಳಗೆ ಬಿತ್ತು. 58-58. ಪಕ್ಕದ ಮನೆಯಿಂದ ಕೂಗು ನಮಗಿಂತ ಎರಡು ಸೆಕೆಂಡ್ ಮೊದಲೇ ಕೇಳಿಸಿತ್ತು, ಹಾಗಾಗಿ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ನಾನು ಎದ್ದು ನಿಂತಿದ್ದೆ. ಓವರ್‌ಟೈಮ್‌ನಲ್ಲಿ 73-65ಕ್ಕೆ ಗೆದ್ದರು. ಶನಿವಾರ ಕೆರೊಲೈನಾವನ್ನು 84-76ಕ್ಕೆ ಸೋಲಿಸಿ ಕಪ್ ತಂದರು. 1987ರ ನಂತರ ಮೊದಲ ಎಸಿಸಿ ಕಪ್.

ಅಲ್ಲಿಗೆ ನಿಲ್ಲಲಿಲ್ಲ. ರಾಷ್ಟ್ರಮಟ್ಟದಲ್ಲಿ ಟೆಕ್ಸಸ್ ಟೆಕ್, ಓಕ್‌ಲ್ಯಾಂಡ್, ಮಾರ್ಕೆಟ್, ಮತ್ತೆ ಡ್ಯೂಕ್. ಡಾಲಸ್‌ನಲ್ಲಿ ಡ್ಯೂಕ್ ಮೇಲೆ ಬರ್ನ್ಸ್ 29 ಪಾಯಿಂಟ್ ಹೊಡೆದ. ಸತತ ಒಂಬತ್ತು ಗೆಲುವು. 1983ರಲ್ಲೂ ಎರಡು ಟೂರ್ನಿ ಸೇರಿ ಸತತ ಒಂಬತ್ತು ಗೆದ್ದೇ ಪ್ರಶಸ್ತಿ ಹಿಡಿದಿದ್ದರು, ಅದಕ್ಕೇ ಊರೆಲ್ಲ ಲೆಕ್ಕ ಹಾಕುವುದರಲ್ಲಿ ಮುಳುಗಿತ್ತು. ಆದರೆ ಈ ಸಲ ಇನ್ನೂ ಎರಡು ಬೇಕಿತ್ತು. ಫೈನಲ್ ಫೋರ್ ಅನ್ನುವ ಸೆಮಿಫೈನಲ್ ಹಂತದಲ್ಲಿ ಪರ್ಡೂ, ಅದರ ಏಳು ಅಡಿ ನಾಲ್ಕು ಇಂಚಿನ ಜ್ಯಾಕ್ ಈಡಿ. 63-50. ಮುಗಿಯಿತು. ಅದೇ ವರ್ಷ ನಮ್ಮ ಹೆಣ್ಣುಮಕ್ಕಳ ತಂಡವೂ ಫೈನಲ್ ಫೋರ್ ಮುಟ್ಟಿತ್ತು. ಗಂಡಸರ ಗಲಾಟೆಯಲ್ಲಿ ಅದನ್ನು ಜನ ಮರೆಯುತ್ತಾರೆ, ನನಗೆ ಅದು ಬೇಜಾರು.

ಮುಂದಿನ ವರ್ಷ? 12-19. ಲೀಗಿನ 18 ತಂಡಗಳಲ್ಲಿ 15ಕ್ಕೆ ಮಾತ್ರ ಎಸಿಸಿ ಟೂರ್ನಿಗೆ ಜಾಗ. ಕಪ್ ಇಟ್ಟುಕೊಂಡಿದ್ದ ನಾವು ಆ 15ರಲ್ಲೂ ಇಲ್ಲ. ಕೋಚ್ ಕೆವಿನ್ ಕೀಟ್ಸ್ ಅವರನ್ನು ತೆಗೆದರು. ಊರಿನಿಂದ ಒಬ್ಬ ಗೆಳೆಯ ಮೆಸೇಜ್ ಹಾಕಿದ್ದ: "ಆರ್‌ಸಿಬಿ ಒಂದು ಸಾಲದಾಗಿತ್ತಾ ನಿಂಗೆ?" ಮೂರು ತಿಂಗಳಾದ ಮೇಲೆ ಆರ್‌ಸಿಬಿ ಕಪ್ ಗೆದ್ದಿತು. ಆ ಮೆಸೇಜನ್ನು ಹಾಗೇ ಅವನಿಗೆ ವಾಪಸ್ ಕಳಿಸಿದೆ.

ಈಗೀಗ ಇನ್ನೊಂದು ಪ್ರಶ್ನೆ ಜಾಸ್ತಿ ಬರುತ್ತಿದೆ. ಆಟಗಾರರಿಗೆ ದುಡ್ಡು ಬಂದಿದೆ, ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ, ಯಾರ ಅಭಿಮಾನಿ ನೀನು? ಅಂಗಿ ಬಣ್ಣಕ್ಕಾ? 2021ರಿಂದ ಹುಡುಗರು ತಮ್ಮ ಹೆಸರು, ಮುಖದಿಂದ ಸಂಪಾದನೆ ಮಾಡಬಹುದು. ಅದೇ ವರ್ಷ, ಕಾಲೇಜು ಬದಲಿಸಿದವರು ಒಂದು ವರ್ಷ ಸುಮ್ನೆ ಕೂರಬೇಕು ಅನ್ನುವ ನಿಯಮವೂ ಸಡಿಲವಾಯಿತು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಕೋಚ್‌ಗಳು ದುಡ್ಡಿನ ಆಸೆಗೆ ಕಾಲೇಜು ಬಿಟ್ಟು ಕಾಲೇಜಿಗೆ ಹೋದಾಗ ಯಾರೂ ನಿಷ್ಠೆಯ ಮಾತಾಡಲಿಲ್ಲ. ಮತ್ತೆ ಆ 2024ರ ತಂಡವನ್ನೇ ನೋಡಿ. ಬರ್ನ್ಸ್ ವಿನ್‌ತ್ರಾಪ್‌ನಿಂದ ಬಂದವನು, ಓಕಾನಲ್ ಸ್ಟ್ಯಾನ್‌ಫರ್ಡ್‌ನಿಂದ, ಡಿಯಾರಾ ಮಿಝೂರಿಯಿಂದ. ಡಿ. ಜೆ. ಹಾರ್ನ್ ರಾಲಿಯ ಹುಡುಗನೇ, ಆದರೆ ಅರಿಜೋನಾ ಸ್ಟೇಟ್ ಸುತ್ತಿ ಬಂದವನು. ಎಲ್ಲರೂ ಎಲ್ಲಿಂದಲೋ ಬಂದು ಒಂದೆರಡು ವರ್ಷ ಈ ಊರಿನ ಅಂಗಿ ಹಾಕಿದವರು. ನಾನೂ ಎಲ್ಲಿಂದಲೋ ಬಂದವನೇ, ಅವರ ಮೇಲೆ ತಕರಾರು ಮಾಡುವುದಕ್ಕೆ ನನಗೇನು ಮುಖ?

ನನ್ನ ಉತ್ತರ ಇಷ್ಟೇ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಾವೆಲ್ಲ ಎಷ್ಟು ವರ್ಷ ನಿಲ್ಲುತ್ತೇವೆ ನಿಮಗೆ ಗೊತ್ತು. ಆ ಸಾಲು ತನ್ನಷ್ಟಕ್ಕೆ ತಾನು ತೆವಳುತ್ತಿರಲಿ. ಓಕಾನಲ್ ಎಸೆದ ಆ ಚೆಂಡಿನ ವಿಷಯ ಬಂದರೆ ಎಸಿ ರಿಪೇರಿಯವನೂ ನಾನೂ ಡ್ರೈವ್‌ವೇನಲ್ಲಿ ನಿಂತು ಅರ್ಧ ಗಂಟೆ ಮಾತಾಡುತ್ತೇವೆ. ಆ ರಾತ್ರಿ ನೀನೆಲ್ಲಿದ್ದೆ ಅಂತ ಅವನು ಕೇಳುತ್ತಾನೆ, ಅಮ್ಮನ ಕಥೆ ಹೇಳುತ್ತೇನೆ. ನೀನು ಅಲ್ಲಿ ಓದಿದ್ದೀಯಾ ಅಂತ ಅವನು ಕೇಳಿದ್ದೇ ಇಲ್ಲ. ಅದನ್ನು ಕೇಳುವವರು ನಮ್ಮವರು ಮಾತ್ರ.

ನೋಡಬೇಕು ಅನ್ನಿಸಿದರೆ ಚಳಿಗಾಲದಲ್ಲಿ ಬನ್ನಿ. ಲೆನೊವೊ ಸೆಂಟರ್‌ನಲ್ಲಿ ಆಟ, ಸ್ಟೇಟ್ ಫೇರ್ ಮೈದಾನದ ಪಕ್ಕ. ಕೊನೆಯ ಎರಡು ನಿಮಿಷ ಅಂತ ಬೋರ್ಡಿನಲ್ಲಿ ತೋರಿಸಿದರೆ ನಂಬಬೇಡಿ. ಫೌಲ್, ಟೈಮ್‌ಔಟ್ ಎಲ್ಲ ಸೇರಿ ಕಾಲು ಗಂಟೆಯಾದರೂ ಹಿಡಿಯುತ್ತದೆ, ಕಾರ್ ತೆಗೆಯೋಕೆ ಅಂತ ಎದ್ದು ಹೋಗಬೇಡಿ. ಗೆದ್ದರೆ ಆಮೇಲೆ ಹಿಲ್ಸ್‌ಬರೋ ಸ್ಟ್ರೀಟ್ ಕಡೆ ಹೋಗೋಣ, ಬೆಲ್‌ಟವರ್‌ಗೆ ಕೆಂಪು ದೀಪ ಹಾಕಿರುತ್ತಾರೆ. ಕೆಂಪು ಅಂಗಿ ಇಲ್ಲದಿದ್ದರೆ ನನ್ನ ಹತ್ತಿರ ಬೇಕಾದಷ್ಟಿವೆ. ತಿಳಿ ನೀಲಿ ಕೆರೊಲೈನಾದು, ಗಾಢ ನೀಲಿ ಡ್ಯೂಕ್‌ನದು. ಅವೆರಡು ಬಿಟ್ಟು ಏನು ಹಾಕಿಕೊಂಡು ಬಂದರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.