ಶುಂಠಿಯ ವಂಶವೃಕ್ಷ: ಮೂರನೇ ವಾರ

ಈ ವಾರ ಬರೆದಿದ್ದಕ್ಕಿಂತ ಅಳಿಸಿದ್ದೇ ಜಾಸ್ತಿ. ‘ಜಿಂಜರ್’ ಪದದ ವಂಶವೃಕ್ಷ ಅಂತ ಗೋಡೆಗೆ ಅಂಟಿಸಿದ ಚಾರ್ಟು, ಬುಡದ ಹತ್ತಿರ ರಬ್ಬರು ತಿಕ್ಕಿ ತಿಕ್ಕಿ ತೆಳ್ಳಗಾಗಿದೆ.

ಬುಡದಲ್ಲಿ ಮೊದಲು ಬರೆದಿದ್ದು ಸಂಸ್ಕೃತದ ‘ಶೃಂಗವೇರ’. ಕೊಂಬಿನಂಥ ಮೈ ಇರುವುದು ಅಂತ ಅರ್ಥ ಹೇಳುತ್ತಾರೆ. ಅರಿಶಿನದ ಕೊಂಬು ಅನ್ನುವ ನಮಗೆ ಇದನ್ನು ನಂಬುವುದು ಏನು ಕಷ್ಟ? ಆದರೆ ಆ ಕೊಂಬು ಆಮೇಲೆ ಮೂಡಿದ್ದು. ಹೊರಗಿನಿಂದ ಬಂದ ಪದಕ್ಕೆ ಸಂಸ್ಕೃತ ತನಗೆ ಹೊಂದುವ ಅರ್ಥ ಕೊಟ್ಟುಕೊಂಡಿದೆ. ಮೂಲ ದ್ರಾವಿಡದ್ದು. ತಮಿಳು, ಮಲಯಾಳಂನ ‘ಇಂಜಿ’, ಅದರ ಜೊತೆಗೆ ‘ವೇರ್’. ವೇರ್ ಅಂದರೆ ನಮ್ಮ ಬೇರು. ತಮಿಳಿನ ವಿಲ್ ನಮ್ಮಲ್ಲಿ ಬಿಲ್ಲು ಆಗಿದೆಯಲ್ಲ, ಹಾಗೆ. ಹಳೆಯ ಬೌದ್ಧ ಗ್ರಂಥಗಳ ಭಾಷೆ ಪಾಲಿಯ ‘ಸಿಂಗಿವೇರ’ದಲ್ಲಿ ಮೊದಲಿನ ಸ ಇನ್ನೂ ಇದೆ. ತಮಿಳಿನಲ್ಲಿ ಆ ಮೊದಲ ವ್ಯಂಜನ ಉದುರಿ ಬರೀ ಇಂಜಿ ಉಳಿದಿದೆ.

ಇಲ್ಲಿಂದ ನನ್ನ ಆಸೆಬುರುಕತನ ಶುರು. 1ನೇ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸ್ ಬರೆದಿದ್ದು ‘ಜಿಂಗಿಬೆರಿಸ್’. ಲ್ಯಾಟಿನ್ನಿನಲ್ಲಿ ‘ಜಿಂಗಿಬೆರ್’. ಬೆರ್! ಇದು ಕನ್ನಡದ ಬೇರೇ ಅಂತ ಕೆಂಪು ಪೆನ್ಸಿಲಿನಲ್ಲಿ ದೊಡ್ಡ ಬಾಣ ಎಳೆದೆ. ಎರಡು ದಿನ ಅದನ್ನೇ ನೋಡಿಕೊಂಡು ಓಡಾಡಿದೆ. ಆಮೇಲೆ ಪಾಲಿಯ ರೂಪ ಮತ್ತೆ ಕಣ್ಣಿಗೆ ಬಿತ್ತು. ದಾರಿಯಲ್ಲಿ ಇದ್ದದ್ದು ವ. ಅದನ್ನು ಬ ಮಾಡಿಕೊಂಡವರು ಗ್ರೀಕರು. ನಾವೂ ಬ ಮಾಡಿಕೊಂಡಿದ್ದೇವೆ, ಅಷ್ಟೇ. ಬಾಣ ಹೋಯಿತು. ಕೆಂಪು ಕಲೆ ಮಾತ್ರ ಹೋಗಿಲ್ಲ.

ಜರ್ಮನ್ನಿನ ‘ಇಂಗ್ವರ್’ ಇನ್ನೂ ಹೊಟ್ಟೆ ಉರಿಸಿತು. ಇಂಜಿ, ವೇರ್, ಇಂಗ್ವರ್: ನೇರ ತಮಿಳಿನಿಂದಲೇ ಹಡಗು ಹತ್ತಿದ ಹಾಗಿದೆ, ಅಲ್ವಾ? ಹಳೆಯ ಜರ್ಮನ್ ರೂಪ ‘ಗಿಂಗಿಬೆರೊ’. ಅಲ್ಲಿಯೂ ಮೊದಲ ವ್ಯಂಜನ ಉದುರಿದೆ, ತನ್ನಷ್ಟಕ್ಕೆ ತಾನೇ.

ಉಳಿದ ಕೊಂಬೆಗಳು ತಕರಾರು ಮಾಡಲಿಲ್ಲ. ಕುರಾನಿನ 76ನೇ ಅಧ್ಯಾಯದಲ್ಲಿ ಬರುವ ಅರಬ್ಬಿ ‘ಜಂಜಬೀಲ್’, ರಷ್ಯನ್ನಿನ ‘ಇಂಬೀರ್’. ಸ್ಪ್ಯಾನಿಷ್‌ನವರು ‘ಹೆನ್‌ಹಿಬ್ರೆ’ ಅನ್ನುತ್ತಾರೆ, ಸುಮ್ನೆ ಒಂದು ಸಲ ಬಾಯಲ್ಲಿ ಹೇಳಿ ನೋಡಿ. 1807ರಲ್ಲಿ ವಿಲಿಯಂ ರೋಸ್ಕೊ ಗಿಡಕ್ಕಿಟ್ಟ ‘ಜಿಂಜಿಬರ್ ಅಫಿಸಿನೇಲ್’ ಹೆಸರೂ ಲ್ಯಾಟಿನ್ ಕೊಂಬೆಯದೇ.

ಕೊನೆಗೆ ನಮ್ಮದನ್ನು ಸೇರಿಸೋಣ ಅಂತ ಕೂತೆ. ‘ಶುಂಠಿ’ ಈ ಮರದ್ದೇ ಅಲ್ಲ! ಅದು ಸಂಸ್ಕೃತದ ಬೇರೆ ಪದ, ಅದರ ಅರ್ಥವೇ ಒಣಗಿದ ಶುಂಠಿ. ಅಂದರೆ ನಾವು ಹಸಿ ಶುಂಠಿ ಅಂದಾಗ ಹಸಿಯಾದ ಒಣದ್ದು ಅಂದಂತೆ. ಒಣಶುಂಠಿ ಒಣಗಿ ಒಣಗಿದ್ದು. ಹಿಂದಿಯ ಅದ್ರಕ್ ಹಸಿ ಅನ್ನುವ ‘ಆರ್ದ್ರ’ದಿಂದ ಬಂದಿದ್ದು, ಅದೂ ಹೊರಗೆ.

ಚಾರ್ಟಿನ ತಲೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ‘ಶುಂಠಿ’ ಅಂತಲೇ ಬರೆದಿದ್ದೇನೆ. ಅದಕ್ಕೆ ರಬ್ಬರು ಹತ್ತುವುದಿಲ್ಲ.