ಮತಕ್ಕೆ ಮೊದಲೇ ಆಗುವ ಮೈತ್ರಿ: ಮಾರಿಷಸ್ ಚುನಾವಣೆಯ ಬಗ್ಗೆ ಕಾಕಾಗೆ ಕೊಟ್ಟ ಉತ್ತರ

2024ರ ನವೆಂಬರ್ ಎರಡನೆಯ ವಾರದಲ್ಲಿ ನಮ್ಮ ಪತ್ರಿಕೆಗಳ ತುಂಬ ಶಿಗ್ಗಾವಿ, ಸಂಡೂರು, ಚನ್ನಪಟ್ಟಣಗಳ ಉಪಚುನಾವಣೆಯದೇ ಸುದ್ದಿ. ಒಳಪುಟದ ಮೂಲೆಯಲ್ಲಿದ್ದ ಮಾರಿಷಸ್ ಚುನಾವಣೆಯ ಫಲಿತಾಂಶವನ್ನು ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯಲ್ಲಿ ಕಾಕಾ ಒಬ್ಬರೇ ಓದಿದ್ದರು. ಓದಿ, ಚಹಾದ ಕಪ್ಪು ಕೆಳಗಿಟ್ಟು, "ಅರವತ್ತಕ್ಕ ಅರವತ್ತೂ ಒಂದ ಕಡೀಗೆ ಬಂದಾವಂತಲ್ಲೋ. ಮಂದಿ ಅಷ್ಟು ಸಿಟ್ಟಿಗೆದ್ದಿದ್ರೇನು?" ಎಂದು ಕೇಳಿದರು. ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಆಮೇಲೆ ಕುಳಿತು ಓದಿ, ಹಲವು ಸಂಜೆ ಅವರೊಂದಿಗೆ ಮಾತಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಿಟ್ಟು ಇದ್ದದ್ದು ನಿಜ, ಆದರೆ ಲೆಕ್ಕವೂ ಅಷ್ಟೇ ದೊಡ್ಡದು. 2019ರ ಚುನಾವಣೆಯಲ್ಲಿ ಆಗಿನ ಪ್ರಧಾನಿ ಪ್ರವಿಂದ್ ಜುಗ್ನಾಥ್ ಅವರ ಎಂಎಸ್‌ಎಂ ಪಕ್ಷದ ಕೂಟ ಪಡೆದದ್ದು ಸುಮಾರು ಶೇ 37 ಮತ. ಲೇಬರ್ ಮತ್ತು ಪಿಎಂಎಸ್‌ಡಿ ಪಕ್ಷಗಳು ಕೂಡಿ ಸುಮಾರು ಶೇ 33, ಒಂಟಿಯಾಗಿ ನಿಂತ ಎಂಎಂಎಂ ಪಕ್ಷ ಸುಮಾರು ಶೇ 20 ಮತ ಪಡೆದಿದ್ದವು. ಎದುರಾಳಿಗಳ ಒಟ್ಟು ಮತ ಅರ್ಧಕ್ಕಿಂತ ಹೆಚ್ಚಾಗಿದ್ದರೂ ಅದು ಎರಡು ಪಾಲಾಗಿದ್ದರಿಂದ ಜುಗ್ನಾಥ್ ಅವರಿಗೆ 62ರಲ್ಲಿ 38 ಸ್ಥಾನ ಸಿಕ್ಕವು. 2024ರಲ್ಲಿ ಲೇಬರ್ ಪಕ್ಷದ ನವೀನ್ ರಾಮ್‌ಗುಲಾಂ ಮತ್ತು ಎಂಎಂಎಂನ ಪಾಲ್ ಬೆರಾಂಜೆ ಒಂದಾದರು. ಪಿಎಂಎಸ್‌ಡಿ ಅದೇ ವರ್ಷ ವಿರೋಧಿ ಕೂಟವನ್ನು ಬಿಟ್ಟು, ಚುನಾವಣೆಯ ಹೊತ್ತಿಗೆ ಜುಗ್ನಾಥ್ ಅವರ ಕಡೆ ಸೇರಿತು. ನವೆಂಬರ್ 10ರಂದು ಮತದಾನ ನಡೆದಾಗ ಶೇ 60ಕ್ಕಿಂತ ತುಸು ಹೆಚ್ಚು ಮತ ಪಡೆದ ರಾಮ್‌ಗುಲಾಂ ಕೂಟ ಮುಖ್ಯ ದ್ವೀಪದ 60 ಸ್ಥಾನಗಳನ್ನೂ ಗೆದ್ದುಕೊಂಡಿತು.

ಶೇ 60 ಮತಕ್ಕೆ ನೂರಕ್ಕೆ ನೂರು ಸ್ಥಾನ ಹೇಗೆ ಬಂದವು ಎಂಬುದನ್ನು ಕಾಕಾಗೆ ವಿವರಿಸಲು ನಮ್ಮದೇ ಗ್ರಾಮ ಪಂಚಾಯಿತಿ ಚುನಾವಣೆ ನೆರವಿಗೆ ಬಂತು. 2020ರ ಡಿಸೆಂಬರಿನಲ್ಲಿ ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯ ಮತಗಟ್ಟೆಯಲ್ಲಿ ನನಗೆ ಕೆಲಸ ಬಿದ್ದಿತ್ತು. ಬಾಗಿಲಲ್ಲಿ ಆಶಾ ಕಾರ್ಯಕರ್ತೆ ಒಬ್ಬೊಬ್ಬರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದು ಒಳಗೆ ಬಿಡುತ್ತಿದ್ದಳು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡ ಒಬ್ಬ ಅಜ್ಜಿ ಮತಪತ್ರವನ್ನು ಮೇಜಿನ ಮೇಲೆ ಹರವಿ, ರಬ್ಬರ್ ಮೊಹರನ್ನು ಕೈಯಲ್ಲಿ ಹಿಡಿದು, "ಎಷ್ಟ್ ಮಂದೀಗೆ ಒತ್ತಬೇಕ್ರೀ ಸರ?" ಎಂದು ಕೇಳಿದಳು. ಆ ವಾರ್ಡಿನಲ್ಲಿ ಮೂರು ಸ್ಥಾನಗಳಿದ್ದವು, ಹಾಗಾಗಿ ಮೂರು ಎಂದೆ. ಮಾರಿಷಸ್‌ನಲ್ಲಿ ಸಂಸತ್ತಿಗೇ ಈ ಪದ್ಧತಿ. ಮುಖ್ಯ ದ್ವೀಪದ 20 ಕ್ಷೇತ್ರಗಳು ತಲಾ ಮೂವರನ್ನು ಆರಿಸುತ್ತವೆ, ರೊಡ್ರಿಗ್ಸ್ ದ್ವೀಪ ಇಬ್ಬರನ್ನು ಆರಿಸುತ್ತದೆ, ಮತದಾರನಿಗೆ ತನ್ನ ಕ್ಷೇತ್ರದ ಸ್ಥಾನಗಳಷ್ಟೇ ಮತಗಳಿರುತ್ತವೆ. ನಮ್ಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಾದ್ದರಿಂದ ಅಜ್ಜಿ ಒಂದನ್ನು ಅಳಿಯನಿಗೆ, ಒಂದನ್ನು ಓಣಿಯವನಿಗೆ, ಒಂದನ್ನು ತನಗೆ ಸರಿಕಂಡವಳಿಗೆ ಒತ್ತಬಹುದು. ಅಲ್ಲಿ ಪ್ರತಿ ಕೂಟವೂ ಮೂರು ಮತವನ್ನೂ ತನ್ನ ಮೂವರಿಗೇ ಹಾಕಿರೆಂದು ಬೇಡುತ್ತದೆ, ಬಹಳಷ್ಟು ಜನ ಹಾಗೆಯೇ ಹಾಕುತ್ತಾರೆ. ದ್ವೀಪದ ಎಲ್ಲ ಕಡೆ ಒಂದೇ ಗಾಳಿ ಬೀಸಿದಾಗ ಸೋತವರಿಗೆ ಒಂದು ಸ್ಥಾನವೂ ಉಳಿಯುವುದಿಲ್ಲ. 1982ರಲ್ಲಿಯೂ 1995ರಲ್ಲಿಯೂ ಇದೇ 60–0 ಫಲಿತಾಂಶ ಬಂದಿತ್ತು.

ಸಿಟ್ಟಿನ ಕಾರಣಗಳನ್ನೂ ಹೇಳಬೇಕು. ಬೆಲೆ ಏರಿಕೆ ಇತ್ತು. ಚುನಾವಣೆಗೆ ಕೆಲವೇ ವಾರ ಮುಂಚೆ, ಗಣ್ಯರ ದೂರವಾಣಿ ಮಾತುಗಳನ್ನು ಕದ್ದು ಆಲಿಸಿದ್ದೆಂದು ಹೇಳಲಾದ ಧ್ವನಿಮುದ್ರಣಗಳು ಒಂದರ ಹಿಂದೊಂದು ಹೊರಬಿದ್ದವು. ಸರ್ಕಾರ ಸಾಮಾಜಿಕ ಜಾಲತಾಣಗಳನ್ನೇ ಮುಚ್ಚಿಸಲು ಹೊರಟು, ಪ್ರತಿಭಟನೆ ಎದ್ದ ಮೇಲೆ ಮರುದಿನವೇ ಹಿಂದೆಗೆಯಿತು. ಚಾಗೋಸ್ ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ ಅಕ್ಟೋಬರ್ 3ರಂದು ಪ್ರಕಟಿಸಿದ್ದೂ ಜುಗ್ನಾಥ್ ಅವರನ್ನು ಉಳಿಸಲಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅಲ್ಲಿನ ಪಕ್ಷಗಳು ಅರ್ಧ ಶತಮಾನದಿಂದ ಜೊತೆಗಾರರನ್ನು ಬದಲಿಸುತ್ತಲೇ ಬಂದಿವೆ. ಲೇಬರ್, ಎಂಎಂಎಂ, ಎಂಎಸ್‌ಎಂ, ಪಿಎಂಎಸ್‌ಡಿ ಈ ನಾಲ್ಕರಲ್ಲಿ ಪರಸ್ಪರ ಕೂಡದೆ ಉಳಿದ ಜೋಡಿ ಸಿಗುವುದು ಕಷ್ಟ. ಇದನ್ನು ಅವಕಾಶವಾದವೆಂದು ತಳ್ಳಿಹಾಕುವುದು ಸುಲಭ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಈ ಕೂಡಿಕೆಗಳು ಬಹುಮಟ್ಟಿಗೆ ಮತದಾನಕ್ಕೆ ಮೊದಲೇ ಆಗುತ್ತವೆ, ಪ್ರಧಾನಿ ಯಾರು, ಯಾವ ಪಕ್ಷಕ್ಕೆ ಎಷ್ಟು ಟಿಕೆಟ್ ಎಂಬುದು ಮತದಾರನ ಮುಂದೆ ಇರುತ್ತದೆ. 2024ರಲ್ಲಿ ಲೇಬರ್ 35, ಎಂಎಂಎಂ 19, ಚಿಕ್ಕ ಪಕ್ಷಗಳೆರಡು ತಲಾ 3 ಎಂದು ಹಂಚಿಕೊಂಡು, ರಾಮ್‌ಗುಲಾಂ ಪ್ರಧಾನಿ, ಬೆರಾಂಜೆ ಉಪಪ್ರಧಾನಿ ಎಂದು ಹೇಳಿಯೇ ಮತ ಕೇಳಿದ್ದರು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಅದೇ ದ್ವೀಪದ 1976ರ ಚುನಾವಣೆ ಸಾಕ್ಷಿ. ಆ ವರ್ಷ ಹೊಸ ಪಕ್ಷವಾದ ಎಂಎಂಎಂ 34 ಸ್ಥಾನ ಪಡೆದು ಅತಿ ದೊಡ್ಡ ಪಕ್ಷವಾಗಿತ್ತು. 28 ಸ್ಥಾನಗಳಿದ್ದ ಲೇಬರ್ ನೇತೃತ್ವದ ಕೂಟ ಮತ್ತು ಅದರ ವಿರುದ್ಧ ಸ್ಪರ್ಧಿಸಿ 8 ಸ್ಥಾನ ಪಡೆದಿದ್ದ ಪಿಎಂಎಸ್‌ಡಿ ಫಲಿತಾಂಶದ ನಂತರ ಕೈಜೋಡಿಸಿ, ಹೆಚ್ಚುವರಿಯಾಗಿ ಸೇರಿದ 8 ಸದಸ್ಯರೂ ಕೂಡಿ 70ರ ಸದನದಲ್ಲಿ 36ರ ಬಲದಿಂದ ಸರ್ಕಾರ ಮಾಡಿದವು. ಮುಂದಿನ ಚುನಾವಣೆಯೇ 1982ರದು. ದ್ವೀಪಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಲೇಬರ್ ಪಕ್ಷಕ್ಕೆ ನೇರ ಚುನಾವಣೆಯಲ್ಲಿ ಒಂದು ಸ್ಥಾನವೂ ಬರಲಿಲ್ಲ. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೂ ಇದನ್ನು ಓದುವಾಗ ನನಗೆ ನಮ್ಮದೇ 2008ರ ವಿಧಾನಸಭಾ ಚುನಾವಣೆ ನೆನಪಾಯಿತು.

ಬೆಳಗಾವಿಯವರಿಗೆ ಅದಕ್ಕೆ ಮೊದಲಿದ್ದ ಮೈತ್ರಿ ಸರ್ಕಾರದ ನೆನಪು ವಿಶೇಷವಾಗಿಯೇ ಇದೆ. ನಮ್ಮ ಊರಿನಲ್ಲಿ ಮೊದಲ ಬಾರಿಗೆ ವಿಧಾನಮಂಡಲದ ಅಧಿವೇಶನ ನಡೆದದ್ದು 2006ರ ಸೆಪ್ಟೆಂಬರಿನಲ್ಲಿ, ಜೆಡಿಎಸ್–ಬಿಜೆಪಿ ಸರ್ಕಾರ ಇದ್ದಾಗ. ತಲಾ 20 ತಿಂಗಳು ಮುಖ್ಯಮಂತ್ರಿ ಪದವಿ ಎಂಬ ಒಪ್ಪಂದ ಆ ಸರ್ಕಾರದ್ದು. 2004ರಲ್ಲಿ ಮತ ಹಾಕುವಾಗ ಯಾವ ಮತದಾರನೂ ಅದನ್ನು ಕೇಳಿರಲಿಲ್ಲ. 2007ರ ಅಕ್ಟೋಬರಿನಲ್ಲಿ ಅಧಿಕಾರ ಕೈಬದಲಾಗಬೇಕಿದ್ದಾಗ ಆಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು, ನವೆಂಬರಿನಲ್ಲಿ ಯಡಿಯೂರಪ್ಪನವರು ಏಳು ದಿನ ಮಾತ್ರ ಮುಖ್ಯಮಂತ್ರಿಯಾಗಿದ್ದು ರಾಜೀನಾಮೆ ಕೊಟ್ಟರು. ಮರುವರ್ಷ ಜನ ಬಿಜೆಪಿಗೆ 110 ಸ್ಥಾನ ಕೊಟ್ಟರು.

ಮಾರಿಷಸ್‌ನಲ್ಲಿ 2000ದಲ್ಲಿ ಎಂಎಸ್‌ಎಂ ಮತ್ತು ಎಂಎಂಎಂ ಹೆಚ್ಚುಕಡಿಮೆ ಇಂಥದೇ ಒಪ್ಪಂದ ಮಾಡಿಕೊಂಡಿದ್ದವು. ಪ್ರವಿಂದ್ ಅವರ ತಂದೆ ಅನಿರುದ್ಧ ಜುಗ್ನಾಥ್ ಮೊದಲ ಮೂರು ವರ್ಷ ಪ್ರಧಾನಿ, ಉಳಿದ ಎರಡು ವರ್ಷ ಬೆರಾಂಜೆ ಎಂದು ಚುನಾವಣೆಗೆ ಮೊದಲೇ ಸಾರಿ 54 ಸ್ಥಾನ ಗೆದ್ದರು. ಬೆರಾಂಜೆ ಫ್ರೆಂಚ್ ಮೂಲದ ಬಿಳಿಯರು. ಅದುವರೆಗೆ ಆ ಕುರ್ಚಿಯಲ್ಲಿ ಕುಳಿತವರೆಲ್ಲ ಹಿಂದೂ ಸಮುದಾಯದವರು. ಮಾತು ಮುರಿಯಲು ನೆಪ ಬೇಕಿದ್ದರೆ ಅದು ಕೈಯಲ್ಲೇ ಇತ್ತು. 2003ರ ಸೆಪ್ಟೆಂಬರ್ ಕೊನೆಯಲ್ಲಿ ಜುಗ್ನಾಥ್ ರಾಜೀನಾಮೆ ಕೊಟ್ಟರು, ಬೆರಾಂಜೆ ಪ್ರಧಾನಿಯಾದರು. ಇಬ್ಬರ ನಡುವೆ ಇದ್ದ ವಿಶ್ವಾಸವೇ ಇದಕ್ಕೆ ಕಾರಣವೆಂದು ನಾನು ನಂಬುವುದಿಲ್ಲ, ಏಕೆಂದರೆ 1983ರಲ್ಲಿ ಇದೇ ಇಬ್ಬರು ಜಗಳವಾಡಿ ಬೇರೆಯಾದವರು. ಊರೆಲ್ಲ ಕೇಳಿಸಿಕೊಂಡ ಮಾತನ್ನು ಮುರಿಯುವುದು ಕಷ್ಟ. ಕಾಕಾ ಇದನ್ನು ಕೇಳಿ, "ನಾಲ್ಕ್ ಮಂದಿ ಮುಂದ ಎಲಿ ಅಡಿಕಿ ಬದಲಿಸಿದ ಮ್ಯಾಲ ಬೀಗತನ ಮುರಿಯೋದು ಅಷ್ಟ್ ಸರಳಲ್ಲೋ ತಮ್ಮಾ" ಎಂದರು. ನನ್ನ ಎರಡು ಪುಟದ ಟಿಪ್ಪಣಿಯಲ್ಲಿ ಇದ್ದದ್ದೂ ಅಷ್ಟೇ.

ಹಾಗೆಂದು ಮೊದಲೇ ಹೇಳಿದ್ದನ್ನೆಲ್ಲ ಜನ ಒಪ್ಪುತ್ತಾರೆಂದಿಲ್ಲ. 2014ರಲ್ಲಿ ಲೇಬರ್ ಮತ್ತು ಎಂಎಂಎಂ ಸ್ಥಾನಗಳನ್ನು ಅರ್ಧರ್ಧ ಹಂಚಿಕೊಂಡು, ಸಂವಿಧಾನ ತಿದ್ದಿ ರಾಮ್‌ಗುಲಾಂ ಅವರನ್ನು ಹೆಚ್ಚಿನ ಅಧಿಕಾರದ ರಾಷ್ಟ್ರಪತಿಯನ್ನಾಗಿಯೂ ಬೆರಾಂಜೆ ಅವರನ್ನು ಪ್ರಧಾನಿಯನ್ನಾಗಿಯೂ ಮಾಡುವ ಯೋಜನೆ ಮುಂದಿಟ್ಟವು. ಕಾಗದದ ಮೇಲೆ ಅದು ದೇಶದ ಎರಡು ದೊಡ್ಡ ಪಕ್ಷಗಳ ಕೂಟ. ಗೆದ್ದದ್ದು 13 ಸ್ಥಾನ. ಎದುರಿನ ಕೂಟ 47 ಗೆದ್ದಿತು. ಒಪ್ಪಂದ ಬಹಿರಂಗವಾಗಿದ್ದರಿಂದಲೇ ಮತದಾರ ಅದನ್ನು ತಿರಸ್ಕರಿಸಲು ಸಾಧ್ಯವಾಯಿತು. ಹತ್ತು ವರ್ಷದ ನಂತರ ಅದೇ ಇಬ್ಬರು ರಾಷ್ಟ್ರಪತಿ ಪದವಿಯ ಮಾತೆತ್ತದೆ ಬಂದಾಗ ಅದೇ ಜನ ಸ್ವೀಕರಿಸಿದರು. ನಮ್ಮ ಜಿಲ್ಲೆಯ ಗೋಕಾಕ, ಅಥಣಿ ಶಾಸಕರು 2019ರಲ್ಲಿ ರಾಜೀನಾಮೆ ಕೊಟ್ಟು, ಅವರಂಥವರ ನಿರ್ಗಮನದಿಂದ ಒಂದು ಮೈತ್ರಿ ಸರ್ಕಾರ ಬಿದ್ದು ಇನ್ನೊಂದು ಸರ್ಕಾರ ಬಂತು. ಬಿದ್ದ ಮೈತ್ರಿಯೂ 2018ರ ಫಲಿತಾಂಶದ ನಂತರವೇ ಹುಟ್ಟಿದ್ದು. ಉಪಚುನಾವಣೆಯಲ್ಲಿ ಜನರ ಮುಂದೆ ಬಂದದ್ದು ಆಗಲೇ ಮುಗಿದುಹೋದ ಸಂಗತಿ.

ಇಷ್ಟಾದರೂ 60–0 ನನ್ನ ಮನಸ್ಸಿಗೆ ಹಿಡಿಸಿಲ್ಲ, ಕಾಕಾಗಂತೂ ಹಿಡಿಸಲೇ ಇಲ್ಲ. "ಎದುರಿಗೆ ಕೂಡೋರ ಇಲ್ಲಂದ್ರ ಸಭಾ ಹ್ಯಾಂಗ ನಡೀತೈತಿ?" ಎಂಬುದು ಅವರ ಕೊನೆಯ ಪ್ರಶ್ನೆ. ಸೋತವರಲ್ಲಿ ಹೆಚ್ಚು ಮತ ಪಡೆದ ಕೆಲವರಿಗೆ, ಎಂಟು ಜನ ಮೀರದಂತೆ, ಸದನದಲ್ಲಿ ಜಾಗ ಕೊಡುವ ನಿಯಮ ಅಲ್ಲಿದೆ. ಹಿಂದೂ, ಮುಸ್ಲಿಂ, ಚೀನೀ, 'ಸಾಮಾನ್ಯ ಜನತೆ' ಎಂಬ ನಾಲ್ಕು ಸಮುದಾಯಗಳ ಸಮತೋಲನಕ್ಕಾಗಿ ಮಾಡಿದ ಏರ್ಪಾಡು ಅದು, ಲೆಕ್ಕ ಇಂದಿಗೂ 1972ರ ಜನಗಣತಿಯದು. ಉಮೇದುವಾರಿಕೆಯಲ್ಲಿ ಸಮುದಾಯ ಬರೆಯಬೇಕೆಂಬ ಕಟ್ಟುಪಾಡಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ 'ರೆಜಿಸ್ಟಾನ್ಸ್ ಎಕ್ ಆಲ್ಟರ್ನಾಟಿವ್' ಎಂಬ ಚಿಕ್ಕ ಪಕ್ಷ 2024ರಲ್ಲಿ ಗೆದ್ದ ಕೂಟದಲ್ಲಿತ್ತು. ಆ ಚುನಾವಣೆಯ ನಂತರ ವಿರೋಧ ಪಕ್ಷದ ನಾಯಕರಾದ ಜೋ ಲೆಜೊಂಗಾರ್ ಸದನಕ್ಕೆ ಬಂದದ್ದು ಇದೇ ದಾರಿಯಿಂದ.

"ಮತ್ತ ಪ್ರಧಾನಿ ಆಗಿದ್ದವ್ರು?" ಎಂದರು ಕಾಕಾ.

ಜುಗ್ನಾಥ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತು ಸದನದ ಹೊರಗಿದ್ದಾರೆ ಎಂದೆ. ರಾಮ್‌ಗುಲಾಂ ಕೂಡ 2014ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಹಾಗೆಯೇ ಹೊರಗುಳಿದವರು ಎಂದೂ ಹೇಳಿದೆ. ಕಾಕಾ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ತಮ್ಮ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.